ಆರ್‌ವಿ ಟ್ಯಾಂಕ್ ತೊಂದರೆಗಳು: ನೀರು ಬಾರದಿದ್ದರೆ, ಕೊಳೆ ಇಳಿಯದಿದ್ದರೆ, ನಾತ ಹೊಡೆದರೆ

ಅಮೆರಿಕದಲ್ಲಿ ಮೊದಲ ಸಲ ಆರ್‌ವಿ (ಒಳಗೇ ಅಡುಗೆ, ಹಾಸಿಗೆ, ಬಚ್ಚಲು ಇರುವ ಮನೆಯಂಥ ವಾಹನ) ಬಾಡಿಗೆಗೆ ತೆಗೆದುಕೊಳ್ಳುವ ಕುಟುಂಬಗಳ ಕೈಗೆ ಸಾಮಾನ್ಯವಾಗಿ ಬರುವುದು 25ರಿಂದ 30 ಅಡಿ ಉದ್ದದ ಕ್ಲಾಸ್ ಸಿ ಗಾಡಿ, ಡ್ರೈವರ್ ತಲೆಯ ಮೇಲೆ ಒಂದು ಹಾಸಿಗೆ ಮುಂದಕ್ಕೆ ಚಾಚಿಕೊಂಡಿರುವ ಬಗೆ. ಅದರ ಹೊಟ್ಟೆಯಲ್ಲಿ ಮೂರು ಟ್ಯಾಂಕ್ ಇರುತ್ತವೆ. ಫ್ರೆಶ್ ಟ್ಯಾಂಕಿನಲ್ಲಿ ಬಳಸುವ ನೀರು. ಗ್ರೇ ಟ್ಯಾಂಕಿಗೆ ಸಿಂಕ್ ಮತ್ತು ಶವರ್ ನೀರು. ಬ್ಲ್ಯಾಕ್ ಟ್ಯಾಂಕಿಗೆ ಟಾಯ್ಲೆಟ್‌ನದ್ದು. ಫ್ರೆಶ್ 30ರಿಂದ 50 ಗ್ಯಾಲನ್, ಗ್ರೇ 30ರಿಂದ 40, ಬ್ಲ್ಯಾಕ್ 25ರಿಂದ 35 ಎಂದು ಅಂದಾಜು ಇಟ್ಟುಕೊಳ್ಳಿ. ನಿಮ್ಮ ಗಾಡಿಯ ನಿಜವಾದ ಅಳತೆ ಒಳಗಿನ ಕಪಾಟಿನ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲೋ ಕೈಪಿಡಿಯಲ್ಲೋ ಇರುತ್ತದೆ. ಒಂದು ಗ್ಯಾಲನ್ ಎಂದರೆ 3.785 ಲೀಟರ್. 40 ಗ್ಯಾಲನ್ ತುಂಬಿದರೆ ಗಾಡಿಗೆ 150 ಕಿಲೋ ಭಾರ ಹೆಚ್ಚಾಯಿತು ಎಂದು ಲೆಕ್ಕ.

ಮೊದಲ ಪ್ರವಾಸದಲ್ಲಿ ಕಾಣುವ ದೋಷಗಳಲ್ಲಿ ಬಹುಪಾಲು ನಿಜವಾದ ಯಂತ್ರದೋಷಗಳಲ್ಲ. ನೀರನ್ನು ತಪ್ಪು ಜಾಗದಲ್ಲಿ ಉಳಿಸಿದ್ದಕ್ಕೋ, ಟ್ಯಾಂಕಿನ ಮಟ್ಟ ತೋರಿಸುವ ಗೋಡೆಯ ಮೇಲಿನ ದೀಪಗಳನ್ನು ನಂಬಿದ್ದಕ್ಕೋ ಬಂದವು. ಸ್ನಾನದಲ್ಲಿ, ಪಾತ್ರೆ ತೊಳೆಯುವುದರಲ್ಲಿ ನೀರು ಎಷ್ಟು ಉಳಿಸಿದರೂ ಒಳ್ಳೆಯದೇ. ಟಾಯ್ಲೆಟ್ಟಿನಲ್ಲಿ ಮಾತ್ರ ಜಿಪುಣತನ ಬೇಡ. ಕೆಳಗೆ ಬರುವ ಅರ್ಧಕ್ಕರ್ಧ ಪರಿಹಾರಗಳು ಈ ಮಾತಿಗೇ ಬಂದು ನಿಲ್ಲುತ್ತವೆ.

ಶವರ್ ತೊಟ್ಟಿಯಲ್ಲಿ ಕೊಳೆ ನೀರು ಮೇಲೆ ಬರುತ್ತಿದೆ

ಅಡುಗೆ ಸಿಂಕಿನಲ್ಲಿ ಪಾತ್ರೆ ತೊಳೆಯುತ್ತಿದ್ದೀರಿ. ಬಚ್ಚಲಿನಿಂದ ಗುಳುಗುಳು ಸದ್ದು. ಹೋಗಿ ನೋಡಿದರೆ ಶವರಿನ ತೂತಿನ ಸುತ್ತ ಅರಿಶಿನ ಬಣ್ಣದ ಜಿಡ್ಡುನೀರು, ಅದರ ಮೇಲೆ ತೇಲುವ ಎರಡು ಕರಿಬೇವಿನ ಎಲೆ. ಪೈಪು ಕಟ್ಟಿಕೊಂಡಿತೆಂದು ಡ್ರೈನ್ ಕ್ಲೀನರ್ ಸುರಿಯಲು ಹೋಗಬೇಡಿ. ಗ್ರೇ ಟ್ಯಾಂಕ್ ತುಂಬಿದೆ, ಅಷ್ಟೇ. ಗಾಡಿಯಲ್ಲಿ ಎಲ್ಲಕ್ಕಿಂತ ಕೆಳಗಿರುವ ತೂತು ಶವರಿನದು, ಹಾಗಾಗಿ ತುಂಬಿದ ನೀರು ಮೊದಲು ಅಲ್ಲೇ ತಲೆ ಎತ್ತುತ್ತದೆ.

ಎಲ್ಲ ನಲ್ಲಿಗಳನ್ನು ನಿಲ್ಲಿಸಿ. ಈ ಸ್ಥಿತಿಯಲ್ಲಿ ಗಾಡಿ ಓಡಿಸಿದರೆ ಮೊದಲ ಬ್ರೇಕಿಗೇ ನೀರು ಬಚ್ಚಲ ಅಂಚು ದಾಟಿ ನೆಲಕ್ಕೆ ಬರುತ್ತದೆ. ಮಗ್ಗಿನಿಂದ ತೊಟ್ಟಿಯ ನೀರನ್ನು ಬಕೆಟ್ಟಿಗೆ ತೋಡಿ, ಆಮೇಲೆ ಹೊರಡಿ. ನ್ಯಾಷನಲ್ ಪಾರ್ಕುಗಳಲ್ಲಿ ಗ್ರೇ ನೀರನ್ನೂ ನೆಲಕ್ಕೆ ಬಿಡುವಂತಿಲ್ಲ. 'ಬರೀ ಪಾತ್ರೆ ತೊಳೆದ ನೀರು ತಾನೇ' ಎಂಬ ಮಾತು ರೇಂಜರ್ ಮುಂದೆ ನಡೆಯುವುದಿಲ್ಲ.

ಎಷ್ಟು ಬೇಗ ತುಂಬುತ್ತದೆ ನೋಡಿ. ಮೈ ಒದ್ದೆ ಮಾಡಿ, ನೀರು ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ನೀರು ಬಿಟ್ಟು ತೊಳೆದುಕೊಳ್ಳುವ ಸ್ನಾನಕ್ಕೆ 2ರಿಂದ 3 ಗ್ಯಾಲನ್. ನಾಲ್ಕು ಜನಕ್ಕೆ 12. ಎರಡು ಹೊತ್ತಿನ ಪಾತ್ರೆಗೆ 5. ಕೈ, ಮುಖ, ಹಲ್ಲಿಗೆ 3. ದಿನಕ್ಕೆ 20 ಗ್ಯಾಲನ್ ಆಯಿತು; 40ರ ಟ್ಯಾಂಕ್ ಎರಡನೇ ರಾತ್ರಿಗೆ ತುಂಬುತ್ತದೆ. ನೀರು ಬಿಟ್ಟೇ ಸ್ನಾನ ಮಾಡುವವರು ಮನೆಯಲ್ಲಿದ್ದರೆ ಒಂದೇ ದಿನ ಸಾಕು. ಆದ್ದರಿಂದ ಎಲ್ಲಿ ಉಳಿದುಕೊಳ್ಳುತ್ತೀರಿ ಎನ್ನುವುದರ ಜೊತೆಗೆ ಎಲ್ಲಿ ಖಾಲಿ ಮಾಡುತ್ತೀರಿ ಎನ್ನುವುದನ್ನೂ ಮೊದಲೇ ಗುರುತಿಸಿಕೊಳ್ಳಿ. ಯೆಲ್ಲೋಸ್ಟೋನ್ ಒಳಗೆ ನೀರು, ಕರೆಂಟು, ಒಳಚರಂಡಿ ಮೂರೂ ಸೇರಿದ ಪೂರ್ತಿ ಹುಕಪ್ ಇರುವುದು ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕಿನಲ್ಲಿ ಮಾತ್ರ. ಗ್ರ್ಯಾಂಡ್ ಕ್ಯಾನ್ಯನ್ ದಕ್ಷಿಣ ಅಂಚಿನಲ್ಲಿ ಹುಕಪ್ ಇರುವ ಟ್ರೇಲರ್ ವಿಲೇಜ್ ಇದೆ. ಪಕ್ಕದ ಮೇದರ್ ಕ್ಯಾಂಪ್‌ಗ್ರೌಂಡಿನಲ್ಲಿ ಕೊಳೆ ಟ್ಯಾಂಕ್ ಖಾಲಿ ಮಾಡುವ ಡಂಪ್ ಸ್ಟೇಷನ್ ಇದ್ದರೂ ಹುಕಪ್ ಇಲ್ಲ. ಯೊಸೆಮಿಟಿಯ ಕ್ಯಾಂಪ್‌ಗ್ರೌಂಡುಗಳಲ್ಲಿ ಹುಕಪ್ಪೇ ಇಲ್ಲ. ಹೆದ್ದಾರಿಯಲ್ಲಾದರೆ ಫ್ಲೈಯಿಂಗ್ ಜೆ, ಲವ್ಸ್‌ನಂಥ ಟ್ರಕ್ ನಿಲ್ದಾಣಗಳಲ್ಲಿ ಹಲವು ಕಡೆ ಹಣ ಕೊಟ್ಟು ಡಂಪ್ ಮಾಡಬಹುದು.

ನಮ್ಮ ಅಡುಗೆಗೆ ಒಂದು ಮಾತು. ಅಕ್ಕಚ್ಚು, ಗಂಜಿ, ಸಾರಿನ ತಳ, ಒಗ್ಗರಣೆಯ ಎಣ್ಣೆ ಎಲ್ಲ ಗ್ರೇ ಟ್ಯಾಂಕಿಗೆ ಹೋದರೆ ಜುಲೈ ಬಿಸಿಲಿನಲ್ಲಿ ಎರಡೇ ದಿನಕ್ಕೆ ಅದು ಕಲಗಚ್ಚಿನ ಬಾನಿಯಾಗುತ್ತದೆ. ಬ್ಲ್ಯಾಕ್ ಟ್ಯಾಂಕಿಗಿಂತ ಗ್ರೇ ಹೆಚ್ಚು ನಾರುವ ಗಾಡಿಗಳು ಎಷ್ಟೋ ಇವೆ. ತುಪ್ಪ, ತೆಂಗಿನೆಣ್ಣೆ ರಾತ್ರಿಯ ತಂಪಿಗೆ ಹೆಪ್ಪುಗಟ್ಟಿ ಪೈಪಿನ ಗೋಡೆಗೂ ಟ್ಯಾಂಕಿನ ಮಟ್ಟ ಅಳೆಯುವ ಸೆನ್ಸರಿಗೂ ಅಂಟುತ್ತವೆ. ತಟ್ಟೆ, ಬಾಣಲೆಗಳನ್ನು ಮೊದಲು ಪೇಪರ್ ಟವೆಲಿನಿಂದ ಒರೆಸಿ ಕಸಕ್ಕೆ ಹಾಕಿ, ಆಮೇಲೆ ತೊಳೆಯಿರಿ. ಸಿಂಕಿನ ತೂತಿಗೆ ಸಣ್ಣ ಜಾಲರಿ ಇಡಿ. ಅನ್ನವನ್ನು ಬಸಿಯದೆ, ನೀರು ಇಂಗುವ ಹಾಗೆ ಮಾಡಿಕೊಳ್ಳುವುದು ಲೇಸು.

ಈಗಷ್ಟೇ ಖಾಲಿ ಮಾಡಿದರೂ ದೀಪ 'ಫುಲ್' ಎನ್ನುತ್ತಿದೆ

ಟ್ಯಾಂಕಿನ ಗೋಡೆಯಲ್ಲಿ ಮೂರ್ನಾಲ್ಕು ಎತ್ತರಗಳಲ್ಲಿ ಲೋಹದ ಮೊಳೆಗಳಿರುತ್ತವೆ. ನೀರು ಆ ಮಟ್ಟ ಮುಟ್ಟಿದಾಗ ಅದರ ಮೂಲಕ ಅತಿ ಸಣ್ಣ ಕರೆಂಟು ಹರಿದು ದೀಪ ಹತ್ತುತ್ತದೆ. ಮೊಳೆಯ ಸುತ್ತ ಒದ್ದೆ ಪೇಪರೋ ಜಿಡ್ಡೋ ಮೆತ್ತಿಕೊಂಡರೆ ನೀರು ಇಳಿದ ಮೇಲೂ ಕರೆಂಟು ಹರಿಯುತ್ತಲೇ ಇರುತ್ತದೆ. ಗಾಡಿ ಹಾಳಾಗಿಲ್ಲ, ಸೆನ್ಸರ್ ಸುಳ್ಳು ಹೇಳುತ್ತಿದೆ. ಬಾಡಿಗೆ ಗಾಡಿಗಳಲ್ಲಿ ಬ್ಲ್ಯಾಕ್ ಟ್ಯಾಂಕಿನ ದೀಪ ನಿಜ ಹೇಳುವುದೇ ಅಪರೂಪ.

ಖಚಿತ ಮಾಡಿಕೊಳ್ಳುವ ದಾರಿ ಸುಲಭ. ಟಾಯ್ಲೆಟ್ಟಿನ ಪೆಡಲ್ ಒತ್ತಿ ಹಿಡಿದು ಟಾರ್ಚು ಬಿಟ್ಟು ನೇರ ಕೆಳಗೆ ನೋಡಿ; ಬಹುತೇಕ ಗಾಡಿಗಳಲ್ಲಿ ಟಾಯ್ಲೆಟ್ ನೇರವಾಗಿ ಟ್ಯಾಂಕಿನ ಮೇಲೆಯೇ ಕೂತಿರುತ್ತದೆ. ನೀರು ಎಲ್ಲೋ ಆಳದಲ್ಲಿ ಕಂಡರೆ ಟ್ಯಾಂಕ್ ಖಾಲಿ, ಪೈಪಿನ ಬಾಯಿಯ ಹತ್ತಿರ ಮಿನುಗಿದರೆ ತುಂಬಿದೆ. ಫ್ಲಶ್ ಮಾಡಿದಾಗ ಕೆಳಗಿನಿಂದ 'ಗುಳುಕ್' ಎಂದು ಗಾಳಿ ಉಕ್ಕಿ ಬಂದರೂ ತುಂಬುತ್ತ ಬಂದಿದೆ ಎಂದೇ ಅರ್ಥ. ಗ್ರೇಗೆ ಇಂಥ ಕಿಟಕಿ ಇಲ್ಲ, ಮೇಲಿನ ದಿನದ ಲೆಕ್ಕವೇ ಗತಿ.

ದೀಪ ಸರಿಯಾಗಬೇಕೆಂದರೆ ಟ್ಯಾಂಕನ್ನು ಮುಕ್ಕಾಲು ಶುದ್ಧ ನೀರಿನಿಂದ ತುಂಬಿ, ಸ್ವಲ್ಪ ಪಾತ್ರೆ ಸೋಪು ಹಾಕಿ, ಒಂದಿಷ್ಟು ದೂರ ಓಡಿಸಿ ಖಾಲಿ ಮಾಡಿ. ಎರಡು ಮೂರು ಸಲಕ್ಕೆ ಸರಿಹೋದೀತು. ಹೋಗದಿದ್ದರೆ ಒಂದು ವಾರದ ಪ್ರವಾಸಕ್ಕೆ ಅದರ ಹಿಂದೆ ಬೀಳುವುದು ದಂಡ.

ವಾಲ್ವ್ ತೆರೆದಿದೆ, ಆದರೆ ಬ್ಲ್ಯಾಕ್ ಟ್ಯಾಂಕ್ ಖಾಲಿಯಾಗುತ್ತಿಲ್ಲ

ವಾಲ್ವ್ ಎಳೆದಾಗ ಕಂದು ನೀರು ಅರ್ಧ ನಿಮಿಷ ಹರಿದು ನಿಂತಿತು, ಟಾಯ್ಲೆಟ್ಟಿನಿಂದ ನೋಡಿದರೆ ಟ್ಯಾಂಕ್ ತುಂಬಿದ ಹಾಗೆಯೇ ಇದೆ. ಇದು ಟಾಯ್ಲೆಟ್ ಪೈಪಿನ ನೇರ ಕೆಳಗೆ ಗಟ್ಟಿ ಪದಾರ್ಥ ಗುಡ್ಡೆಯಾಗಿರುವುದರ ಲಕ್ಷಣ. ಗೆದ್ದಲ ಹುತ್ತದಂತೆ ಅದು ತಳದಿಂದ ಮೇಲಕ್ಕೆ ಬೆಳೆಯುತ್ತದೆ.

ಇದಕ್ಕೆ ಕಾರಣ ಮೂರು. ಎಲ್ಲಕ್ಕಿಂತ ಸಾಮಾನ್ಯವಾದದ್ದು: ಪೂರ್ತಿ ಹುಕಪ್ ಸಿಕ್ಕಿತೆಂದು ಬ್ಲ್ಯಾಕ್ ವಾಲ್ವನ್ನು ದಿನವಿಡೀ ತೆರೆದಿಡುವುದು. ನೀರು ಆಗಿಂದಾಗ್ಗೆ ಹರಿದುಹೋಗುತ್ತದೆ, ಗಟ್ಟಿಯದು ಅಲ್ಲೇ ಉಳಿದು ಒಣಗುತ್ತದೆ. ಬ್ಲ್ಯಾಕ್ ವಾಲ್ವ್ ಯಾವಾಗಲೂ ಮುಚ್ಚಿರಬೇಕು; ಮೂರನೇ ಎರಡು ಭಾಗ ತುಂಬಿದ ಮೇಲೆಯೇ ತೆರೆಯಬೇಕು. ಆಗ ಅಷ್ಟೂ ನೀರಿನ ತೂಕ ಒಮ್ಮೆಗೇ ಇಳಿದು ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ. ಎರಡನೆಯದು, ಡಂಪ್ ಮಾಡಿದ ಮೇಲೆ ತಳಕ್ಕೆ ನೀರು ಹಾಕದೆ ಒಣ ಟ್ಯಾಂಕನ್ನೇ ಬಳಸಲು ಶುರುಮಾಡುವುದು. ಮೂರನೆಯದು ಪೇಪರ್ ಮತ್ತು ವೈಪ್ಸ್. ಪ್ಯಾಕೆಟ್ಟಿನ ಮೇಲೆ ಫ್ಲಶ್ ಮಾಡಬಹುದೆಂದು ಬರೆದಿರಲಿ ಬಿಡಲಿ, ವೈಪ್ಸ್ ಈ ಟ್ಯಾಂಕಿಗೆ ಹೋಗಕೂಡದು. ಪೇಪರಿನ ಪರೀಕ್ಷೆ ಹೀಗೆ: ಒಂದು ಗಾಜಿನ ಬಾಟಲಿಗೆ ನೀರು ತುಂಬಿ ನಾಲ್ಕು ಹಾಳೆ ಹಾಕಿ ಅರ್ಧ ನಿಮಿಷ ಕುಲುಕಿ. ಚೂರುಚೂರಾದರೆ ಬಳಸಿ. ಹಾಳೆ ಹಾಳೆಯಾಗಿಯೇ ಉಳಿದರೆ ಟ್ಯಾಂಕಿನಲ್ಲೂ ಹಾಗೆಯೇ ಉಳಿಯುತ್ತದೆ.

ಇಲ್ಲಿ ನಮ್ಮ ಅಭ್ಯಾಸವೇ ನಮಗೆ ನೆರವಾಗುತ್ತದೆ. ಚೊಂಬು ಹಿಡಿದು ತೊಳೆದುಕೊಳ್ಳುವವರ ಟ್ಯಾಂಕಿಗೆ ಪ್ರತಿ ಸಲ ಅರ್ಧ ಒಂದು ಲೀಟರ್ ನೀರು ಹೆಚ್ಚು ಬೀಳುತ್ತದೆ, ಪೇಪರ್ ಕಡಿಮೆಯಾಗುತ್ತದೆ. ಟ್ಯಾಂಕ್ ಒಂದು ದಿನ ಬೇಗ ತುಂಬಬಹುದು. ಆದರೆ ಗುಡ್ಡೆ ಕಟ್ಟುವುದಿಲ್ಲ. ಆರ್‌ವಿ ಟಾಯ್ಲೆಟ್ಟಿನಲ್ಲಿ ಮೇಲಿನ ತೊಟ್ಟಿ ಇರುವುದಿಲ್ಲ, ಪೆಡಲ್ ಒತ್ತಿದಷ್ಟು ಹೊತ್ತು ಮಾತ್ರ ನೀರು. ಕೆಲವು ಮಾದರಿಗಳಲ್ಲಿ ಪೆಡಲನ್ನು ಅರ್ಧ ಒತ್ತಿದರೆ, ಇನ್ನು ಕೆಲವದರಲ್ಲಿ ಮೇಲಕ್ಕೆ ಎತ್ತಿದರೆ ಬೋಗುಣಿಗೆ ನೀರು ತುಂಬುತ್ತದೆ. ಎರಡಕ್ಕೆ ಹೋಗುವ ಮೊದಲು ಬೋಗುಣಿ ಅರ್ಧ ತುಂಬಿಸಿಕೊಳ್ಳಿ, ಮುಗಿದ ಮೇಲೆ ಪೆಡಲನ್ನು ಪೂರ್ತಿ ಒತ್ತಿ ಐದಾರು ಸೆಕೆಂಡು ಹಿಡಿಯಿರಿ.

ಈಗಾಗಲೇ ಗುಡ್ಡೆ ಕಟ್ಟಿದ್ದರೆ ಡಂಪ್ ವಾಲ್ವ್ ಮುಚ್ಚಿ. 5 ಗ್ಯಾಲನ್ ಬಕೆಟ್ಟಿನಿಂದ ಟಾಯ್ಲೆಟ್ ಮೂಲಕ ನೀರು ಸುರಿಯುತ್ತ, ಟಾರ್ಚಿನಲ್ಲಿ ನೋಡುತ್ತ ಹೋಗಿ. ನೀರು ಪೈಪಿನ ಬಾಯಿಗೆ ನಾಲ್ಕೈದು ಇಂಚು ಇರುವಾಗ ನಿಲ್ಲಿಸಿ. ರಾತ್ರಿಯೆಲ್ಲ ನೆನೆಯಲಿ. ಬೆಳಿಗ್ಗೆ ಮೂವತ್ತು ನಲವತ್ತು ಮೈಲಿ ಓಡಿಸಿ. ತಿರುವು, ಬ್ರೇಕುಗಳ ಕುಲುಕಾಟವೇ ಇಲ್ಲಿ ಕೆಲಸಗಾರ. ಡಂಪ್ ಸ್ಟೇಷನ್ನಿನಲ್ಲಿ ವಾಲ್ವನ್ನು ಒಂದೇ ಎಳೆತಕ್ಕೆ ಪೂರ್ತಿ ತೆರೆಯಿರಿ. ಮತ್ತೂ ಉಳಿದಿದ್ದರೆ ಇನ್ನೊಮ್ಮೆ ಇದನ್ನೇ ಮಾಡಿ. ಬಾಗುವ ಪೈಪಿನ ತುದಿಗೆ ಪಿಚಕಾರಿಯಂಥ ಮೂತಿ ಇರುವ ತೊಳೆಯುವ ಕೋಲು ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಟಾಯ್ಲೆಟ್ಟಿನಿಂದ ಇಳಿಸಿ ಗುಡ್ಡೆಗೆ ನೇರ ನೀರು ಹೊಡೆಯಬಹುದು. ಕಬ್ಬಿಣದ ಸರಳು, ಹ್ಯಾಂಗರ್ ತಂತಿ ತೂರಿಸಬೇಡಿ. ಟಾಯ್ಲೆಟ್ಟಿನ ರಬ್ಬರ್ ಸೀಲ್ ಹರಿದರೆ ಈ ಗುಡ್ಡೆಗಿಂತ ದೊಡ್ಡ ತಲೆನೋವು. ಐಸ್ ಗಡ್ಡೆ ಸುರಿದು ಗಾಡಿ ಓಡಿಸಿದರೆ ಉಜ್ಜಿಕೊಂಡು ಹೋಗುತ್ತದೆ ಎಂಬ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಐಸ್ ತೇಲುತ್ತದೆ, ಗುಡ್ಡೆ ಇರುವುದು ತಳದಲ್ಲಿ.

ನಾತ: ಯಾವಾಗ ಬರುತ್ತದೆ ಎನ್ನುವುದೇ ಸುಳಿವು

ನಾತ ತಡೆಯಲು ಟ್ಯಾಂಕಿಗೆ ಹಾಕುವ ಕೆಮಿಕಲ್ ಇನ್ನಷ್ಟು ಸುರಿಯುವ ಮೊದಲು ನಾತ ಯಾವ ಹೊತ್ತಿಗೆ, ಎಲ್ಲಿಂದ ಬರುತ್ತಿದೆ ಎಂದು ಗಮನಿಸಿ.

ಫ್ಲಶ್ ಮಾಡಿದಾಗ ಮಾತ್ರ ಗುಪ್ಪೆಂದು ಬಂದರೆ ತಪ್ಪು ಬಚ್ಚಲಿನ ಸೂರಿನಲ್ಲಿರುವ ಫ್ಯಾನಿನದು. ಮನೆಯಲ್ಲಿ ನಾತ ಹೋಗಲೆಂದು ಫ್ಯಾನ್ ಹಾಕುತ್ತೇವೆ. ಇಲ್ಲಿ ಅದೇ ಫ್ಯಾನ್ ಒಳಗಿನ ಗಾಳಿಯನ್ನು ಹೊರಗೆಳೆಯುತ್ತಿರುವಾಗ ಪೆಡಲ್ ಒತ್ತಿ ಟಾಯ್ಲೆಟ್ ಬೋಗುಣಿಯ ತಳದ ಬಾಗಿಲು ತೆರೆದರೆ ಟ್ಯಾಂಕಿನ ಗಾಳಿ ಮೇಲೆ ನುಗ್ಗುತ್ತದೆ. ಫ್ಲಶ್ ಮಾಡುವ ಮೊದಲು ಫ್ಯಾನ್ ಆರಿಸಿ, ಮುಚ್ಚಳ ಹಾಕಿ, ಫ್ಲಶ್ ಮಾಡಿ, ಆಮೇಲೆ ಬೇಕಾದರೆ ಫ್ಯಾನ್ ಹಾಕಿ. ಓಡುವಾಗ ಮಾತ್ರ ನಾತ ಬಂದರೂ ಕಾರಣ ಇದೇ ಜಾತಿಯದು: ತೆರೆದ ಕಿಟಕಿ, ತಿರುಗುವ ಫ್ಯಾನ್ ಒಳಗಿನ ಒತ್ತಡ ತಗ್ಗಿಸುತ್ತವೆ.

ಟಾಯ್ಲೆಟ್ ಸುತ್ತ ಇಡೀ ದಿನ ಬರುತ್ತಿದ್ದರೆ ಬೋಗುಣಿಯಲ್ಲಿ ಎರಡು ಇಂಚು ನೀರು ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ನೋಡಿ. ನೀರು ಇಳಿದುಹೋಗಿದ್ದರೆ ಬಾಗಿಲಿನ ಸುತ್ತಲ ರಬ್ಬರ್ ಸೀಲ್ ಕೂರುತ್ತಿಲ್ಲ. ಹೆಚ್ಚಿನ ಸಲ ಅಲ್ಲಿ ಪೇಪರಿನ ಚೂರು ಸಿಕ್ಕಿಕೊಂಡಿರುತ್ತದೆ. ಪೆಡಲ್ ಒತ್ತಿ ಹಿಡಿದು, ಗ್ಲವ್ಸ್ ಹಾಕಿದ ಬೆರಳಿಗೆ ಬಟ್ಟೆ ಸುತ್ತಿ ಸೀಲಿನ ಕೆಳಗಂಚನ್ನು ಸುತ್ತಲೂ ಒರೆಸಿ. ಒಣಗಿದಂತಿದ್ದರೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ವ್ಯಾಸಲೀನ್ ಬೇಡ, ಪೆಟ್ರೋಲಿಯಂ ಪದಾರ್ಥ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ.

ಸಿಂಕ್ ಅಥವಾ ಶವರ್ ಕಡೆಯಿಂದ ಬಂದರೆ, ಕೆಳಗಿನ ಬಾಗಿದ ಪೈಪಿನಲ್ಲಿ ನಿಲ್ಲಬೇಕಾದ ನೀರು ಒಣಗಿದೆ ಅಥವಾ ಓಡುವಾಗ ಚೆಲ್ಲಿಹೋಗಿದೆ. ಪ್ರತಿ ತೂತಿಗೂ ಒಂದು ಲೋಟ ನೀರು ಹಾಕಿ. ಆಗಲೂ ಬಂದರೆ ಸಿಂಕಿನ ಕೆಳಗಿನ ಕಪಾಟು ತೆರೆದು ನೋಡಿ. ಪೈಪಿನ ತುದಿಯಲ್ಲಿ ಮೇಲ್ಮುಖವಾಗಿ ಕೂತ ಕಪ್ಪು ಪ್ಲಾಸ್ಟಿಕ್ ಟೋಪಿ ಕಾಣುತ್ತದೆ. ಗಾಳಿಯನ್ನು ಒಳಗೆ ಬಿಟ್ಟು ಹೊರಗೆ ಬಿಡದ ವಾಲ್ವ್ ಅದು. ಒಳಗಿನ ರಬ್ಬರ್ ಅಂಟಿಕೊಂಡರೆ ನಾತ ನೇರ ಅಡುಗೆಮನೆಗೆ. ಕೈಯಲ್ಲೇ ತಿರುಗಿಸಿ ತೆಗೆದು ಹೊಸದು ಹಾಕಬಹುದು, ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ.

ಬಿಸಿನೀರಿಗೆ ಮಾತ್ರ ಕೊಳೆತ ಮೊಟ್ಟೆಯ ವಾಸನೆ ಇದ್ದರೆ ವಾಟರ್ ಹೀಟರಿನಲ್ಲಿ ನೀರು ಬಹಳ ದಿನ ನಿಂತಿದೆ; ಪೂರ್ತಿ ಹರಿಸಿ ಹೊಸ ನೀರು ತುಂಬಿ. ಆದರೆ ನಲ್ಲಿ ಮುಚ್ಚಿರುವಾಗಲೂ ಅದೇ ವಾಸನೆ ಬಂದರೆ ಟ್ಯಾಂಕಿನ ಮಾತು ಬಿಟ್ಟುಬಿಡಿ. ಪ್ರೊಪೇನ್ ಗ್ಯಾಸಿಗೆ ಸೇರಿಸುವ ವಾಸನೆ ಹಾಗೆಯೇ ಇರುತ್ತದೆ. ಯಾವ ಸ್ವಿಚ್ಚನ್ನೂ ಮುಟ್ಟದೆ ಎಲ್ಲರೂ ಹೊರಗೆ ಬನ್ನಿ, ಹೊರಗಿನಿಂದ ಗ್ಯಾಸ್ ಟ್ಯಾಂಕಿನ ವಾಲ್ವ್ ಮುಚ್ಚಿ, ದೂರ ನಿಂತು ಸಹಾಯಕ್ಕೆ ಕರೆ ಮಾಡಿ.

ಡಂಪ್ ಮಾಡುವ ಕ್ರಮ, ಅಲ್ಲಿ ಕೈಕೊಡುವ ಜಾಗಗಳು

1. ಬಳಸಿ ಬಿಸಾಡುವ ಗ್ಲವ್ಸ್ ಹಾಕಿ. ಬ್ಲ್ಯಾಕ್, ಗ್ರೇ ಎರಡೂ ಹಿಡಿಗಳು ಪೂರ್ತಿ ಒಳಗೆ ಹೋಗಿವೆಯೇ ನೋಡಿ. ಹೆಸರು ಅಳಿಸಿಹೋಗಿದ್ದರೆ ಪೈಪಿನ ದಪ್ಪ ನೋಡಿ. ಬ್ಲ್ಯಾಕಿನದು 3 ಇಂಚು, ಗ್ರೇ ಸಾಮಾನ್ಯವಾಗಿ ಅದಕ್ಕಿಂತ ಸಣ್ಣದು.
2. ಗಾಡಿಯ ಕೊಳೆ ಬಾಯಿಯ ಮುಚ್ಚಳದ ಕೆಳಗೆ ಬಕೆಟ್ ಇಟ್ಟು, ಪಕ್ಕಕ್ಕೆ ನಿಂತು, ನಿಧಾನವಾಗಿ ತಿರುಗಿಸಿ.
3. ಕೊಳೆ ಪೈಪನ್ನು ಗಾಡಿಯ ಬಾಯಿಗೆ ಹಿಡಿದು ತಿರುಗಿಸಿ, ಎರಡು ಕೊಕ್ಕೆಗಳೂ ಕಚ್ಚಿಕೊಳ್ಳಬೇಕು. ಒಮ್ಮೆ ಜಗ್ಗಿ ನೋಡಿ. ಇನ್ನೊಂದು ತುದಿಯನ್ನು ನೆಲದ ತೂತಿಗೆ ಇಳಿಸಿ, ಮೇಲೆ ಭಾರದ ಕಲ್ಲಿಡಿ. ಪೈಪು ನಡುವೆ ಉಬ್ಬಿರಬಾರದು, ತಗ್ಗಿರಬಾರದು, ಇಳಿಜಾರಾಗಿರಬೇಕು.
4. ಮೊದಲು ಬ್ಲ್ಯಾಕ್. 'ಧೋ' ಎಂಬ ಸದ್ದು ನಿಂತು ತೊಟ್ಟಿಕ್ಕುವವರೆಗೆ ಕಾಯಿರಿ. ಮೂಲೆಗೆ ಪಾರದರ್ಶಕ ಮೊಣಕೈ ತುಂಡು ಹಾಕಿದ್ದರೆ ಸ್ವಚ್ಛವಾಯಿತೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.
5. ಬ್ಲ್ಯಾಕ್ ಮುಚ್ಚಿ, ಗ್ರೇ ತೆರೆಯಿರಿ. ಸೋಪುನೀರು ಪೈಪನ್ನು ತೊಳೆಯುತ್ತದೆ.
6. ಗ್ರೇ ಮುಚ್ಚಿ, ಗಾಡಿಯ ಕಡೆಯ ತುದಿಯನ್ನು ಎತ್ತಿ ಉಳಿದದ್ದನ್ನು ತೂತಿಗೆ ಹರಿಸಿ, ಪೈಪು ತೊಳೆದು, ಮುಚ್ಚಳ ಹಾಕಿ.
7. ಟಾಯ್ಲೆಟ್ಟಿನಿಂದ ಬ್ಲ್ಯಾಕಿಗೆ 2ರಿಂದ 3 ಗ್ಯಾಲನ್ ನೀರು, ಪ್ಯಾಕೆಟ್ಟಿನಲ್ಲಿ ಹೇಳಿದಷ್ಟು ಕೆಮಿಕಲ್.

ಮುಚ್ಚಳ ತೆಗೆದ ಕೂಡಲೇ ನೀರು ನುಗ್ಗಿದರೆ ಒಂದು ವಾಲ್ವ್ ಪೂರ್ತಿ ಮುಚ್ಚಿಲ್ಲ. ವಾಲ್ವಿನ ಅಲಗು ಕೂರುವ ಸೀಳಿನಲ್ಲಿ ಪೇಪರ್ ಸಿಕ್ಕಿರುತ್ತದೆ. ಮುಚ್ಚಳವನ್ನು ಮತ್ತೆ ಬಿಗಿದು, ಹಿಡಿಯನ್ನು ನಾಲ್ಕೈದು ಸಲ ಒಳಗೆ ಹೊರಗೆ ಆಡಿಸಿ. ಸರಿಹೋಗದಿದ್ದರೆ ಮುಚ್ಚಳದ ಜಾಗಕ್ಕೆ ತಿರುಗಿಸಿ ಕೂರಿಸುವ ಹೆಚ್ಚುವರಿ ವಾಲ್ವ್ ಒಂದನ್ನು ಕೊಂಡು ಹಾಕಿ. ಯಾವ ಉಪಕರಣವೂ ಬೇಡ. ಹಿಡಿ ಬಿಗಿಯಾಗಿದ್ದರೆ ಕಾಲು ಕೊಟ್ಟು ಎಳೆಯಬೇಡಿ, ಕಡ್ಡಿ ಮುರಿದರೆ ವಾಲ್ವೇ ಬಿಚ್ಚಬೇಕು. ಕಡ್ಡಿಗೆ ಸಿಲಿಕೋನ್ ಸ್ಪ್ರೇ ಹೊಡೆದು ಹತ್ತು ನಿಮಿಷ ಬಿಟ್ಟು ಮೆಲ್ಲಗೆ ಆಡಿಸಿ.

ಹಲವು ಡಂಪ್ ಸ್ಟೇಷನ್ನುಗಳಲ್ಲಿ ಎರಡು ನಲ್ಲಿಗಳಿರುತ್ತವೆ. ಕೊಳೆ ತೂತಿನ ಪಕ್ಕದ್ದು ಪೈಪು ತೊಳೆಯಲು ಮಾತ್ರ, ಕುಡಿಯುವ ನೀರಲ್ಲ ಎಂಬ ಫಲಕ ಇರುತ್ತದೆ. ನಿಮ್ಮ ಬಿಳಿ ಅಥವಾ ನೀಲಿ ಕುಡಿಯುವ ನೀರಿನ ಹೋಸನ್ನು ಅದಕ್ಕೆ ಎಂದೂ ಸಿಕ್ಕಿಸಬೇಡಿ. ಗಾಡಿಯ ಪಕ್ಕದಲ್ಲಿ 'ಬ್ಲ್ಯಾಕ್ ಟ್ಯಾಂಕ್ ಫ್ಲಶ್' ಎಂಬ ಬಾಯಿ ಇದ್ದರೂ ತೊಳೆಯುವ ಬೇರೆ ಹೋಸೇ ಬೇಕು. ಅದಕ್ಕೆ ನೀರು ಬಿಟ್ಟಿರುವಾಗ ಬ್ಲ್ಯಾಕ್ ವಾಲ್ವ್ ತೆರೆದೇ ಇರಬೇಕು. ಮುಚ್ಚಿಟ್ಟು ನೀರು ಬಿಟ್ಟು ಫೋನು ನೋಡುತ್ತ ನಿಂತರೆ ಟ್ಯಾಂಕ್ ತುಂಬಿ, ಟಾಯ್ಲೆಟ್ಟಿನಿಂದಲೋ ಸೂರಿನ ಕೊಳವೆಯಿಂದಲೋ ಉಕ್ಕುತ್ತದೆ. ಆರ್‌ವಿಗಳ ಅತ್ಯಂತ ಕೆಟ್ಟ ಶುಚಿಕಾರ್ಯಗಳು ಹೀಗೇ ಶುರುವಾಗುವುದು.

ಪಂಪ್ ಓಡುತ್ತಿದೆ, ನೀರಿಲ್ಲ

ಗಾಡಿ ಬಾಡಿಗೆಗೆ ಪಡೆದ ಜಾಗದಲ್ಲೇ ಪರೀಕ್ಷಿಸಬೇಕಾದ ದೋಷವಿದು. ಮೊದಲು ಕೆಳಗೆ ಬಗ್ಗಿ ನೋಡಿ. ಗಾಡಿಯಡಿ ನೀರು ಸುರಿಯುತ್ತಿದ್ದರೆ ಹಿಂದಿನವರು ಖಾಲಿ ಮಾಡಲು ತೆರೆದ ಫ್ರೆಶ್ ಟ್ಯಾಂಕಿನ ಡ್ರೈನೋ, ಕೆಂಪು ನೀಲಿ ಬಣ್ಣದ ಎರಡು ತಗ್ಗಿನ ಡ್ರೈನ್‌ಗಳೋ ಮುಚ್ಚಿಲ್ಲ. ನೆಲ ಒಣಗಿದ್ದರೆ ಫ್ರೆಶ್ ಟ್ಯಾಂಕಿನ ದೀಪ ನೋಡಿ. ಟ್ಯಾಂಕ್ ಕಾಲು ಭಾಗ ಮಾತ್ರ ಇದ್ದು ಗಾಡಿ ಒಂದು ಕಡೆಗೆ ವಾಲಿ ನಿಂತಿದ್ದರೆ ನೀರೆಲ್ಲ ಇನ್ನೊಂದು ಮೂಲೆಗೆ ಸರಿದು ಪಂಪ್ ಗಾಳಿ ಹೀರುತ್ತಿರುತ್ತದೆ. ಚಕ್ರದಡಿ ಹಲಗೆ ಕೊಟ್ಟು ಸಮ ಮಾಡಿ. ಟ್ಯಾಂಕ್ ತುಂಬಿದ್ದೂ ನೀರಿಲ್ಲವಾದರೆ ಪಂಪಿನ ಮುಂದಿರುವ ಸಣ್ಣ ಪಾರದರ್ಶಕ ಜಾಲರಿ ಬಟ್ಟಲನ್ನು ಬಿಚ್ಚಿ ತೊಳೆಯಿರಿ. ಟ್ಯಾಂಕ್ ಕೊರೆದಾಗ ಉಳಿದ ಪ್ಲಾಸ್ಟಿಕ್ ಸಿಬಿರುಗಳು ಅಲ್ಲಿ ಸೇರಿಕೊಳ್ಳುತ್ತವೆ. ಮತ್ತೆ ಹಾಕುವಾಗ ಅದರ ರಬ್ಬರ್ ಉಂಗುರ ತಪ್ಪಿದರೆ ಅಲ್ಲಿಂದಲೂ ಗಾಳಿ ಎಳೆಯುತ್ತದೆ. ಚಳಿಗಾಲಕ್ಕೆ ಪೈಪು ಹೆಪ್ಪುಗಟ್ಟದಂತೆ ಕಾಯುವ ಆ್ಯಂಟಿಫ್ರೀಜ್ ಹೀರಲು ಬಿಟ್ಟಿರುವ ಕವಲು ವಾಲ್ವ್ ಪಂಪಿನ ಪಕ್ಕದಲ್ಲಿದ್ದರೆ ಅದು ಟ್ಯಾಂಕಿನ ಕಡೆಗೆ ತಿರುಗಿದೆಯೇ ನೋಡಿ.

ಪಂಪ್ ಸದ್ದೇ ಮಾಡದಿದ್ದರೆ 12 ವೋಲ್ಟಿನ ಫ್ಯೂಸ್ ಸುಟ್ಟಿದೆಯೇ, ಬ್ಯಾಟರಿ ಇಳಿದಿದೆಯೇ ನೋಡಿ. ಅಷ್ಟೇ ಆಂಪಿಯರಿನ ಫ್ಯೂಸೇ ಹಾಕಬೇಕು.

ರಾತ್ರಿ ಯಾರೂ ನಲ್ಲಿ ಮುಟ್ಟದಿದ್ದರೂ ಅರ್ಧ ಗಂಟೆಗೊಮ್ಮೆ ಪಂಪ್ 'ಡರ್ರ್' ಎಂದರೆ ಎಲ್ಲೋ ಒತ್ತಡ ಸೋರುತ್ತಿದೆ. ಟಾಯ್ಲೆಟ್ಟಿನ ನೀರು ವಾಲ್ವ್, ಹೊರಗಿನ ಶವರ್, ಪಂಪಿನ ಜೋಡಣೆಗಳು, ಹೊರಗಿನ ನಲ್ಲಿಯ ಹೋಸ್ ಸಿಕ್ಕಿಸುವ ಸಿಟಿ ವಾಟರ್ ಬಾಯಿ, ಈ ಅನುಕ್ರಮದಲ್ಲಿ ಬೆರಳಾಡಿಸಿ ಒದ್ದೆ ಹುಡುಕಿ. ಸಿಗುವವರೆಗೆ ಮಲಗುವಾಗಲೂ ಗಾಡಿ ಓಡುವಾಗಲೂ ಪಂಪ್ ಸ್ವಿಚ್ ಆರಿಸಿಡಿ.

ಕ್ಯಾಂಪ್‌ಗ್ರೌಂಡಿನ ನಲ್ಲಿಗೆ ಜೋಡಿಸಿದ ಮೇಲೆ

ನಲ್ಲಿಯ ಒತ್ತಡ ಕೆಲವು ಕಡೆ 100 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎನ್ನುವ ಒತ್ತಡದ ಅಳತೆ) ದಾಟುತ್ತದೆ. ಗಾಡಿಯ ಪೈಪುಗಳಿಗೆ 40ರಿಂದ 60 ಸಾಕು. ಒತ್ತಡ ತಗ್ಗಿಸುವ ರೆಗ್ಯುಲೇಟರನ್ನು ಗಾಡಿಯ ಕಡೆಗಲ್ಲ, ನಲ್ಲಿಯ ಕಡೆಗೆ ಹಾಕಿ. ಆಗ ಹೋಸೂ ಉಳಿಯುತ್ತದೆ.

ಫ್ರೆಶ್ ಟ್ಯಾಂಕ್ ತಾನಾಗಿ ತುಂಬಿ ಗಾಡಿಯಡಿ ಸುರಿಯುತ್ತಿದ್ದರೆ ಎರಡು ಸಾಧ್ಯತೆ. 'ಟ್ಯಾಂಕ್ ಫಿಲ್' ಎಂಬ ಹಿಡಿ ಇದ್ದರೆ ಅದು ತಪ್ಪು ಕಡೆಗೆ ತಿರುಗಿದೆ. ಇಲ್ಲವೇ ಪಂಪಿನೊಳಗಿನ ಒಮ್ಮುಖ ವಾಲ್ವಿಗೆ ಕಸ ಸಿಕ್ಕಿ ನೀರು ಹಿಂದಕ್ಕೆ ಹೋಗುತ್ತಿದೆ. ಹೋಸ್ ಬಿಚ್ಚಿ, ಎಲ್ಲ ನಲ್ಲಿ ತೆರೆದು ಪಂಪನ್ನು ಎರಡು ನಿಮಿಷ ಓಡಿಸಿ. ಕಸ ಹೋಗದಿದ್ದರೆ ಉಳಿದ ದಿನಗಳಿಗೆ ಟ್ಯಾಂಕ್ ತುಂಬಿಸಿಕೊಂಡು ಪಂಪಿನಲ್ಲೇ ಬಳಸಿ.

ಬಿಸಿನೀರು ಉಗುರುಬೆಚ್ಚಗೆ

ಹೀಟರ್ ಹಾಳಾಯಿತೆನ್ನುವ ಮೊದಲು ಗಾಡಿಯ ಹೊರಗಿನ ಶವರ್ ಪೆಟ್ಟಿಗೆ ತೆರೆಯಿರಿ. ಯಾರೋ ಕಾಲು ತೊಳೆದು, ಕೈಹಿಡಿಯ ಗುಂಡಿ ಮಾತ್ರ ಒತ್ತಿ ನೀರು ನಿಲ್ಲಿಸಿ, ಬಿಸಿ ತಣ್ಣೀರಿನ ಎರಡೂ ತಿರುಪುಗಳನ್ನು ತೆರೆದೇ ಬಿಟ್ಟಿರುತ್ತಾರೆ. ಅಲ್ಲಿ ಎರಡೂ ಬೆರೆತು ಒಳಗಿನ ಎಲ್ಲ ನಲ್ಲಿಗಳಿಗೂ ಬೆಚ್ಚನೆಯ ನೀರೇ ಬರುತ್ತದೆ. ಎರಡನ್ನೂ ಮುಚ್ಚಿ.

ಅದಲ್ಲದಿದ್ದರೆ ಹೀಟರಿನ ಹಿಂದಿನ ಬೈಪಾಸ್, ಅಂದರೆ ನೀರು ಹೀಟರಿಗೆ ಹೋಗದೆ ಪಕ್ಕದಿಂದ ಸಾಗುವ ದಾರಿ. ಮೂರು ವಾಲ್ವ್ ಇದ್ದರೆ ಕೆಳಗಿನ ಮತ್ತು ಮೇಲಿನ ಹಿಡಿಗಳು ಪೈಪಿನ ಉದ್ದಕ್ಕೆ, ನಡುವಿನದು ಅಡ್ಡಕ್ಕೆ ಇರಬೇಕು. ಚಳಿಗಾಲ ಮುಗಿದ ಮೇಲೆ ಇದನ್ನು ತಿರುಗಿಸಲು ಮರೆತ ಗಾಡಿಗಳು ವಸಂತದ ಮೊದಲ ಬಾಡಿಗೆಯಲ್ಲಿ ಸಿಗುತ್ತವೆ. ಬಿಸಿನೀರಿನ ನಲ್ಲಿಯಿಂದ ಗಾಳಿ ಇಲ್ಲದೆ ನೀರು ಸರಾಗವಾಗಿ ಬರುವವರೆಗೂ ಹೀಟರಿನ ಕರೆಂಟ್ ಸ್ವಿಚ್ ಹಾಕಬಾರದು. ಖಾಲಿ ಹೀಟರಿನ ಕಾಯಿಲ್ ನೋಡನೋಡುತ್ತಲೇ ಸುಟ್ಟುಹೋಗುತ್ತದೆ. ಅಂದಹಾಗೆ ಹಲವು ಹೀಟರುಗಳ ಹೊಟ್ಟೆ 6 ಗ್ಯಾಲನ್, ಅಂದರೆ 23 ಲೀಟರ್ ಕೂಡ ಇಲ್ಲ. ಮೂರನೆಯವರ ಸ್ನಾನಕ್ಕೆ ತಣ್ಣಗಾದರೆ ಅದು ದೋಷವಲ್ಲ.

ನೀರಿಗೆ ರುಚಿ, ಪಾಚಿಯ ವಾಸನೆ

ಪ್ರತಿ 15 ಗ್ಯಾಲನ್ನಿಗೆ ಕಾಲು ಕಪ್, ಸುಗಂಧವಿಲ್ಲದ ಸಾದಾ ಬ್ಲೀಚ್. 40ರ ಟ್ಯಾಂಕಿಗೆ ಮುಕ್ಕಾಲು ಕಪ್ಪಿಗಿಂತ ತುಸು ಕಡಿಮೆ, ಸುಮಾರು 160 ಮಿಲಿ. ಫಿಲ್ಟರ್ ಇದ್ದರೆ ಮೊದಲು ತೆಗೆಯಿರಿ. ಬ್ಲೀಚನ್ನು ಒಂದು ಬಕೆಟ್ ನೀರಿನಲ್ಲಿ ಬೆರೆಸಿ ಟ್ಯಾಂಕಿಗೆ ಹಾಕಿ, ಪೂರ್ತಿ ತುಂಬಿ, ಪ್ರತಿ ನಲ್ಲಿಯಲ್ಲೂ ಬ್ಲೀಚ್ ವಾಸನೆ ಬರುವವರೆಗೆ ಪಂಪ್ ಓಡಿಸಿ. ನಾಲ್ಕು ಗಂಟೆ ಬಿಟ್ಟು ಖಾಲಿ ಮಾಡಿ, ವಾಸನೆ ಹೋಗುವವರೆಗೆ ಶುದ್ಧ ನೀರು ತುಂಬಿ ಹರಿಸಿ. ಈ ನೀರು ಗ್ರೇ ಟ್ಯಾಂಕಿಗೇ ಸೇರುವುದರಿಂದ ಅದು ಖಾಲಿಯಿರುವ ದಿನ ಮಾಡಿ. ಇಷ್ಟಾದ ಮೇಲೂ ಕುಡಿಯಲು ಬೇರೆ ಕ್ಯಾನ್ ಇಟ್ಟುಕೊಳ್ಳುವುದು ಬಾಡಿಗೆ ಗಾಡಿಯಲ್ಲಿ ಜಾಣತನ.

ಚಳಿ ರಾತ್ರಿ, ಕೊನೆಯ ಬೆಳಿಗ್ಗೆ

ಉಷ್ಣತೆ ಸೊನ್ನೆ ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಯುವ ಮುನ್ಸೂಚನೆ ಇದ್ದರೆ ಸಂಜೆಯೇ ಹೋಸ್ ಬಿಚ್ಚಿ, ನೀರು ಬಸಿದು ಒಳಗಿಡಿ. ರಾತ್ರಿಗೆ ಟ್ಯಾಂಕ್ ನೀರು ಬಳಸಿ. ಸಿಂಕಿನ ಕೆಳಗಿನ ಕಪಾಟುಗಳ ಬಾಗಿಲು ತೆರೆದಿಟ್ಟು ಫರ್ನೇಸಿನ ಬಿಸಿಗಾಳಿ ಪೈಪುಗಳಿಗೆ ತಾಗುವಂತೆ ಮಾಡಿ. ಬೆಳಿಗ್ಗೆ ಡಂಪ್ ಹಿಡಿ ಕದಲದಿದ್ದರೆ ವಾಲ್ವಿನೊಳಗೆ ನೀರು ಗಡ್ಡೆಕಟ್ಟಿದೆ. ಬಿಸಿಲು ಬರಲಿ, ಅಥವಾ ಹೇರ್ ಡ್ರೈಯರ್ ಹಿಡಿಯಿರಿ.

ಗಾಡಿ ಮರಳಿಸುವ ದಿನ ಎರಡೂ ಕೊಳೆ ಟ್ಯಾಂಕ್ ಖಾಲಿ ಇರಬೇಕೆಂದು ಬಾಡಿಗೆ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ಇಲ್ಲದಿದ್ದರೆ ಶುಲ್ಕ ಬೀಳುತ್ತದೆ. ನಿಮ್ಮ ಬ್ಲ್ಯಾಕ್ ದೀಪ ಇನ್ನೂ 'ಫುಲ್' ಎಂದೇ ಹೇಳುತ್ತಿದ್ದರೆ ಡಂಪ್ ಮಾಡಿದ ರಸೀದಿಯನ್ನು ಜೇಬಿನಲ್ಲಿಡಿ, ಕೌಂಟರಿನವರನ್ನು ಕರೆದು ಟಾಯ್ಲೆಟ್ಟಿನಿಂದ ಟಾರ್ಚು ಬಿಟ್ಟು ತೋರಿಸಿ.